ಒಲೆ ನೋಡಿ ಬರೆದ ಲೆಕ್ಕ

"ಓರೆ ಮಾಡ್ರೋ, ಓರೆ! ಗೋಡೆ ಕೆರೀತಿದೆ!"

ಬಡಗಿ ಕೂಗುವಷ್ಟರಲ್ಲಿ ಗುಮಾಸ್ತನ ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಬೆಳಗಿನಿಂದ ಕೂತು ಬಡಗಿಯೇ ಮಾಡಿದ ಪೆಟ್ಟಿಗೆ. ದುಡ್ಡೆಷ್ಟು ಎಂದ ಗುಮಾಸ್ತನ ಮಗನಿಗೆ ಬೈದಿದ್ದ. ಹೆಣದ ಅಳತೆ ತೆಗೆದುಕೊಂಡಿದ್ದ, ಮೆಟ್ಟಿಲಿನದು ಮರೆತಿದ್ದ.

"ಬದುಕಿದ್ದಾಗ ಎಲ್ಲರಿಗೂ ಬಾಗ್ತಿದ್ದ ಮನುಷ್ಯ. ಈಗ ನೋಡು, ಜಗ್ಗಲ್ಲ ಅಂತಾನೆ," ಎಂದು ಹಿಂದೆ ಹಿಡಿದಿದ್ದ ಪೇಂಟರ್ ಏದುಸಿರು ಬಿಟ್ಟ.

ಮುಂದಿನ ಮೂಲೆಗೆ ಭುಜ ಕೊಟ್ಟಿದ್ದ ಮಗ ನಗಲಿಲ್ಲ. ಎರಡು ಮೆಟ್ಟಿಲು ಕೆಳಗೆ ಪ್ಲೈವುಡ್ ಅಂಗಡಿಯ ಸಾಹುಕಾರ ನಿಂತಿದ್ದ. ಅಪ್ಪ ಇಪ್ಪತ್ತೆಂಟು ವರ್ಷ ಇವನ ಲೆಕ್ಕ ಬರೆದಿದ್ದ. ಸಾಹುಕಾರನ ಕೈಯಲ್ಲೊಂದು ಹಾಳೆ.

"ಇದಕ್ಕೊಂದು ಸಹಿ ಹಾಕ್ಬಿಡು ತಮ್ಮಾ. ನಿಮ್ಮಪ್ಪನ ಸರ್ವಿಸಿನ ದುಡ್ಡು. ಅವನು ವಸೂಲಾಗದು ಅಂತ ಪುಸ್ತಕದಲ್ಲಿ ಹೊಡೆದುಹಾಕಿದ ಬಾಕಿ ಮಾತ್ರ ಮುರ್ಕೊಂಡಿದೀನಿ."

"ಮುರಿದು ಉಳಿದಿದ್ದೆಷ್ಟು?"

"ಹನ್ನೊಂದು ಸಾವಿರ."

ಮೇಲಿನಿಂದ ಅಮ್ಮನ ದನಿ ಬಂತು. "ತಗೊಳ್ಳೋ ಮಗಾ. ಮೂರು ತಿಂಗಳ ಬಾಡಿಗೆ ನಿಂತಿದೆ."

*

ವರ್ಷದ ಲೆಕ್ಕ ಮುಗಿಸುವ ಮೊದಲು ಗುಮಾಸ್ತ ಸೈಕಲ್ ಹತ್ತುತ್ತಿದ್ದ. ಬಾಕಿ ಉಳಿಸಿಕೊಂಡ ಪ್ರತಿ ಗಿರಾಕಿಯ ಮನೆಗೂ ಹೋಗಿ ಒಂದು ಲೋಟ ನೀರು ಕೇಳುತ್ತಿದ್ದ. ಅವರು ಒಳಗೆ ಹೋದಾಗ ಇಣುಕಿ ಒಲೆ ನೋಡುತ್ತಿದ್ದ. ಒಲೆ ಉರಿಯುತ್ತಿದ್ದರೆ ಅವರ ಪಾಲಿಗೆ ಅವನೇ ಶನಿ. ಕಾಡಿ ಪೀಡಿಸಿ ವಸೂಲಿ ಮಾಡುತ್ತಿದ್ದ. ತಣ್ಣಗಿದ್ದರೆ ಖಾತೆಗೆ ಕೆಂಪು ಗೆರೆ ಎಳೆದು ಬಾಕಿ ಬಿಟ್ಟುಬಿಡುತ್ತಿದ್ದ.

ಬಡಗಿ ಸೂರಿನಿಂದ ಬಿದ್ದು ಮಲಗಿದ್ದ ವರ್ಷ ಸಾಹುಕಾರ ಸಿಡಿದಿದ್ದ. "ಹೋದಲ್ಲೆಲ್ಲ ವಸೂಲಾಗದು, ವಸೂಲಾಗದು! ನಿಮ್ಮಪ್ಪನ ಗಂಟೇನಯ್ಯಾ?"

"ಬಡಗಿ ಮನೆ ಒಲೇಲಿ ಬೆಕ್ಕು ಮಲಗಿತ್ತು ಸ್ವಾಮಿ. ಅದನ್ನ ಎಬ್ಬಿಸಿ ಏನು ತರ್ಲಿ?"

ಗೊಣಗುತ್ತಲೇ ಸಾಹುಕಾರ ಗೆರೆಯ ಕೆಳಗೆ ಸಹಿ ಹಾಕಿದ್ದ.

*

"ಪ್ರತಿ ಕೆಂಪು ಗೆರೆ ಕೆಳಗೂ ನಿಮ್ಮ ಸಹಿ ಇದೆ ಅಂತ ಅಪ್ಪ ಹೇಳ್ತಿದ್ದ." ಮಗ ಸಾಹುಕಾರನತ್ತ ತಿರುಗಿದ. "ಅವನು ಬದುಕಿದ್ದಾಗ ಮುರಿಯೋಕೆ ಬಾಯಿ ಬರ್ಲಿಲ್ವಾ?"

"ಹೆಣದ ಮುಂದೆ ಜೋರು ಮಾಡ್ಬೇಡ. ಬೇಕಾದ್ರೆ ತಗೋ, ಬೇಡಾಂದ್ರೆ ಅದೂ ಇಲ್ಲ."

"ಜಗಳ ಆಮೇಲೆ ಆಡ್ರಪ್ಪಾ, ಭುಜ ಬಿದ್ದೋಗ್ತಿದೆ!" ಬಡಗಿ ಒದರಿದ. "ಗೋಡೆ ಸಂದಿಗೆ ನುಣುಪಾಗಿರೋದು ಏನಾದ್ರೂ ಕೊಡಿ, ಜಾರ್ಲಿ."

ಮಗ ತಲೆಯೆತ್ತಿ ಅಮ್ಮನನ್ನು ನೋಡಿದ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಬಾಡಿಗೆಗೆ ಮೂರು ತಿಂಗಳು ತಡೆದೋರು," ಎಂದಳು ಕೊನೆಗೆ, "ನಾಲ್ಕನೇದೂ ತಡೀತಾರೆ ಬಿಡು."

ಮಗ ಒಂದು ಕೈ ಬಿಟ್ಟು, ಸಾಹುಕಾರನ ಹಾಳೆ ಕಿತ್ತುಕೊಂಡು ಗೋಡೆಗೂ ಪೆಟ್ಟಿಗೆಗೂ ನಡುವೆ ತುರುಕಿದ.

"ನಾಳೆ ಅಂಗಡಿಗೆ ಬರ್ತೀನಿ. ಹಳೇ ಪುಸ್ತಕ ತೆಗೆದಿಡಿ."

ಪೆಟ್ಟಿಗೆ ಜಾರಿತು. ಪಾಲಿಶ್ ಇನ್ನೂ ಒಣಗಿರಲಿಲ್ಲ. ಹಾಳೆ ಅದಕ್ಕೇ ಅಂಟಿಕೊಂಡು ಸಾಹುಕಾರನ ಮೂಗಿನ ಮುಂದೆಯೇ ಮೆಟ್ಟಿಲಿಳಿಯಿತು, ಬೀದಿ ದಾಟಿ ವ್ಯಾನ್ ಹತ್ತಿತು. ಸಹಿಗೆಂದು ಖಾಲಿ ಬಿಟ್ಟ ಮೂಲೆಯೊಂದು ಮಾತ್ರ ಅಂಟದೆ ಗಾಳಿಗೆ ಪಟಪಟ ಬಡಿಯುತ್ತಿತ್ತು.