ಮೊದಲು ಸೆಫೊನ ರುಜು

ಟ್ರೆವಾನ್ ಹಾಲ್ಕಂಬ್ ಪೆನ್ನನ್ನು ಮುಟ್ಟಲಿಲ್ಲ. ಮೇಜಿನ ಆಚೆ ಕೂತಿದ್ದ ಗ್ರೇಡಿ ಮೆಕಾಲಿ ಅದನ್ನು ಎರಡನೇ ಸಲ ಅವನ ಕಡೆ ತಳ್ಳಿದ. ಮೆಕಾಲಿ ಅಮೆರಿಕನ್ ಫುಟ್‌ಬಾಲ್ ತಂಡವೊಂದರ ಮ್ಯಾನೇಜರ್. ಯಾರನ್ನು ಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂಬುದೆಲ್ಲ ಅವನ ಕೈಯಲ್ಲಿ. ಟ್ರೆವಾನ್ ಆ ತಂಡದ ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆಯುವವನು. ಟೊಲೆಡೊ ಊರಿನ ಅರ್ಧ ಮಕ್ಕಳ ಅಂಗಿಯ ಬೆನ್ನ ಮೇಲೆ ಅವನ ಹೆಸರಿತ್ತು.

"ನಾಲ್ಕು ಗಂಟೆಗೆ ಲೀಗಿನವರು ಬಾಗಿಲು ಹಾಕ್ತಾರೆ ಕಣಪ್ಪಾ," ಎಂದ ಮೆಕಾಲಿ. "ಅಷ್ಟರೊಳಗೆ ಎಲ್ಲರ ಸಂಬಳ ಸೇರಿ ಅವರು ಹಾಕಿರೋ ಮಿತಿಯೊಳಗೆ ಬರ್ಬೇಕು. ನಿಂಗೇನ್ ನಷ್ಟ ಹೇಳು? ಈ ವರ್ಷದ ಸಂಬಳಾನ ಬೋನಸ್ ಅಂತ ಕರೀತೀವಿ. ಪೂರ್ತಿ ದುಡ್ಡು ಈಗ್ಲೇ ನಿನ್ ಕೈಗೆ. ಲೆಕ್ಕ ಮಾತ್ರ ಮುಂದಿನ ವರ್ಷಗಳಿಗೆ ಹಂಚಿಹೋಗತ್ತೆ."

ನಷ್ಟವಿಲ್ಲವೆಂದು ಟ್ರೆವಾನ್‌ಗೂ ಗೊತ್ತಿತ್ತು. ಒಂದು ಡಾಲರ್ ಬಿಡದಿದ್ದರೂ ನಾಳೆ ಪತ್ರಿಕೆಗಳು ಅವನನ್ನು ತ್ಯಾಗಿ ಎಂದು ಹೊಗಳುತ್ತವೆ. ಎರಡು ವರ್ಷದ ಹಿಂದೆಯೂ ಹೊಗಳಿದ್ದವು. ಆಗಲೂ ಇದೇ ಮೇಜು, ಇದೇ ಮಾತು. ನೀನು ರುಜು ಹಾಕು, ಉಳಿದ ದುಡ್ಡಿನಲ್ಲಿ ನಿನ್ನ ಗೆಳೆಯ ಡೆಲ್ಬರ್ಟ್‌ನನ್ನು ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಟ್ರೆವಾನ್ ರುಜು ಹಾಕಿ ಮನೆ ತಲುಪುವಷ್ಟರಲ್ಲಿ ಆ ದುಡ್ಡಿಗೆ ಚೆಂಡು ಹಿಡಿದು ಓಡುವ ಹೊಸಬನೊಬ್ಬ ಬಂದಾಗಿತ್ತು. ಡೆಲ್ಬರ್ಟ್ ತನ್ನ ಕಪಾಟು ಖಾಲಿ ಮಾಡುತ್ತಿದ್ದ.

ಈ ಸಲ ಸೆಫೊ ಲಾವಾಟೈನ ಸರದಿ. ಸಮೋವಾದಿಂದ ಬಂದ, ಬಾಗಿಲಿನಷ್ಟು ಅಗಲದ ಮನುಷ್ಯ. ಟ್ರೆವಾನ್ ಚೆಂಡು ಎಸೆಯುವ ತನಕ ಎದುರಾಳಿಗಳನ್ನು ಎದೆಗೊಟ್ಟು ತಡೆಯುವುದು ಅವನ ಕೆಲಸ. ಅವನಿಲ್ಲದೆ ಆಡಿದ ಒಂದೇ ಪಂದ್ಯದಲ್ಲಿ ಟ್ರೆವಾನ್‌ನ ಮಂಡಿ ಮುರಿದಿತ್ತು.

"ಸೆಫೊ ಇರ್ತಾನಾ?"

"ಇರ್ತಾನಪ್ಪಾ. ಎಷ್ಟ್ ಸಲ ಹೇಳ್ಲಿ?"

"ಹಾಗಾದ್ರೆ ಓಡಿಸಿದ್ರೂ ಅವನ ಸಂಬಳ ಖಾತ್ರಿ ಅಂತ ಬರ್ಕೊಡಿ. ಮೊದ್ಲು ಅದು, ಆಮೇಲೆ ನಂದು."

"ಅದಕ್ಕೆಲ್ಲ ಟೈಮಿಲ್ಲ."

ಪಕ್ಕದಲ್ಲಿದ್ದ ಟ್ರೆವಾನ್‌ನ ಏಜೆಂಟ್ ಲೆನಿ ಮೊಣಕೈಯಿಂದ ತಿವಿದ. "ನಿನ್ ದುಡ್ಡಿನ ಮಾತಿಗೆ ಬಂದಿರೋದು ಮಾರಾಯ, ಅವಂದಕ್ಕಲ್ಲ."

"ನೀನು ಸುಮ್ನಿರೋ," ಎಂದ ಟ್ರೆವಾನ್. ಮತ್ತೆ ಮೆಕಾಲಿಯ ಕಡೆ ತಿರುಗಿದ. "ಅವನನ್ನ ಇಟ್ಕೊಳೋದೇ ನಿಜ ಆದ್ರೆ, ಖಾತ್ರಿ ಕೊಟ್ರೆ ಈ ವರ್ಷದ ಲೆಕ್ಕ ಒಂದು ಪೈಸಾ ಏರಲ್ಲ. ಹೌದೋ ಅಲ್ವೋ?"

ಮೆಕಾಲಿ ಪೆನ್ನನ್ನು ಇನ್ನೊಮ್ಮೆ ಮುಂದಕ್ಕೆ ತಳ್ಳಿದ.

"ಕೊಡೋಕೆ ಹಿಂಜರೀತೀರ ಅಂದ್ರೆ ಸಂಜೆಗೆ ಅವನನ್ನ ಓಡಿಸೋ ಯೋಚನೆ ಇದೆ ಅಂತ ಆಯ್ತು."

ಮೆಕಾಲಿಯ ಕಿವಿ ಕೆಂಪಾಯಿತು. "ಸಂಜೆ ಯಾಕೆ? ನೀನು ರುಜು ಹಾಕದಿದ್ರೆ ಈಗ್ಲೇ ಓಡಿಸ್ತೀನಿ."

"ಅವನೊಬ್ಬನನ್ನ ಓಡಿಸಿದ್ರೆ ನೀವು ಮಿತಿಯೊಳಗೆ ಬರಲ್ಲ. ಇನ್ನೂ ನಾಕು ಜನಾನ ಓಡಿಸ್ಬೇಕು. ಓಡ್ಸಿ. ಸೆಪ್ಟೆಂಬರ್‌ನಲ್ಲಿ ಪಂದ್ಯ ಶುರುವಾದಾಗ ಚೆಂಡನ್ನೂ ನೀವೇ ಎಸೀರಿ."

ಹೇಳಿದ್ದು ಗಟ್ಟಿಯಾಗಿಯೇ. ಆದರೆ ಮೆಕಾಲಿ ಹಟಕ್ಕೆ ಬಿದ್ದರೆ ಸೆಫೊನ ಅನ್ನಕ್ಕೆ ತಾನೇ ಮಣ್ಣು ಹಾಕಿದಂತೆ. ಗೋಡೆಯ ಗಡಿಯಾರ ಮೂರೂವರೆ ದಾಟಿತ್ತು. ಲೆನಿ ಟೈ ಸಡಿಲಿಸಿಕೊಂಡ. ಮೆಕಾಲಿ ಅದೇ ಗಡಿಯಾರವನ್ನು ನೋಡಿದ. ಗಡುವು ಮೀರಿದರೆ ಮೊದಲು ಹೋಗುವ ತಲೆ ತನ್ನದೇ ಎಂದು ಅವನಿಗೂ ಗೊತ್ತಿತ್ತು. ಕೊನೆಗೆ ಫೋನೆತ್ತಿ ಕೂಗಿದ. "ಲಾವಾಟೈಗೆ ಖಾತ್ರಿ ಪತ್ರ ಮಾಡಿ! ಅವನ ಫೋನಿಗೆ ಕಳ್ಸಿ!"

ಪತ್ರ ಹೋಯಿತು. ರುಜು ಮಾತ್ರ ಬರಲಿಲ್ಲ. ಸೆಫೊನ ಫೋನ್ ಆಫ್ ಆಗಿತ್ತು.

ಟ್ರೆವಾನ್ ಹಣೆ ಚಚ್ಚಿಕೊಂಡ. ಗಡುವಿನ ದಿನ ತಂಡದ ಕಚೇರಿಯಿಂದ ಫೋನ್ ಬಂದರೆ ಕೆಲಸ ಹೋಯಿತೆಂದೇ ಅರ್ಥ. ಅದಕ್ಕೆ ಹಳಬರೆಲ್ಲ ಫೋನ್ ಆರಿಸಿ ಕೂರುತ್ತಾರೆ. ಸುದ್ದಿ ಕಿವಿಗೆ ಬೀಳುವ ತನಕ ಕೆಲಸ ಇದ್ದಂತೆಯೇ ಎಂದು ನಂಬುವ ಮೂರ್ಖರು. ಟ್ರೆವಾನ್ ಸೆಫೊನ ಹೆಂಡತಿ ಮಾಲಿಯಾಳಿಗೆ ಫೋನ್ ಮಾಡಿದ.

"ಹಿತ್ತಲಲ್ಲಿ ಹಂದಿ ಸುಡ್ತಿದಾನೆ," ಎಂದಳು ಅವಳು. "ಯಾರು ಮಾಡಿದ್ರೂ ಫೋನ್ ಕೊಡ್ಬೇಡ ಅಂದಿದಾನೆ."

"ನಾನ್ಯಾರೋ ಹೊರಗಿನವನಾ?"

"ನೀನೂ ಅದೇ ಬಿಲ್ಡಿಂಗಲ್ಲಿ ಕೂತಿದೀಯಲ್ಲ."

"ನನ್ ಮಂಡಿ ಮೇಲಾಣೆ, ಮಾಲಿಯಾ. ಓಡಿಸೋ ಕಾಗದ ಅಲ್ಲ ಇದು. ಕೊಡವ್ವಾ, ಬೇಗ!"

ಬಾಗಿಲು ತೆರೆದ ಸದ್ದು, ನಾಯಿ ಬೊಗಳಿದ್ದು, ಆಮೇಲೆ ಸೆಫೊನ ದಪ್ಪ ದನಿ. "ಏನಪ್ಪಾ ರಾಜಕುಮಾರ?"

"ನಿನ್ ಫೋನ್ ಆನ್ ಮಾಡ್ಕೊಂಡು ರುಜು ಮಾಡೋ, ಎಮ್ಮೆ."

"ಹೋದ ವರ್ಷಾನೂ ರುಜು ಅಂದ್ರು. ಸಂಬಳ ಕತ್ತರಿಸಿದ್ರು."

"ಓದ್ಕೊಂಡೇ ಮಾಡು. ಆದ್ರೆ ಬೇಗ ಓದು."

"ನೀನು ಮಾಡ್ದ್ಯಾ?"

"ಇಲ್ಲ. ಮೊದ್ಲು ನೀನು."

ಆ ಕಡೆ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕುವ ಚುರ್ ಚುರ್ ಕೇಳಿಸಿತು. "ಡೆಲ್ಬರ್ಟ್ ಹೋದ್ಮೇಲೆ ನಿಂಗೆ ಬುದ್ಧಿ ಬಂತು," ಎಂದ ಸೆಫೊ.

ಮೆಕಾಲಿಯ ಕಂಪ್ಯೂಟರಿಗೆ ಸೊಟ್ಟ ರುಜುವೊಂದು ಬಂತು. ಮೆಕಾಲಿ ಹಲ್ಲು ಕಚ್ಚಿ ತನ್ನದನ್ನೂ ಸೇರಿಸಿ ಲೀಗಿಗೆ ಕಳಿಸಿದ. ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದ ಮೇಲೆಯೇ ಟ್ರೆವಾನ್ ಪೆನ್ನು ಹಿಡಿದದ್ದು. ಅವನ ಕಾಗದ ಲೀಗಿಗೆ ಮುಟ್ಟಿದಾಗ ನಾಲ್ಕಕ್ಕೆ ಇನ್ನು ಕೆಲವೇ ನಿಮಿಷಗಳಿದ್ದವು.

"ಮುಂದಕ್ಕೆ ತಳ್ಳಿದ ಈ ಭಾರ ಎರಡು ವರ್ಷ ಕಳೆದ್ಮೇಲೆ ಯಾರ ತಲೆ ಮೇಲೆ ಬೀಳತ್ತೆ ಗೊತ್ತಲ್ಲ?" ಎಂದ ಮೆಕಾಲಿ. "ಆಗ ನಿನ್ನ ಇಟ್ಕೊಳೋದು ನನ್ ಕೈಲಾಗಲ್ಲ."

"ಗೊತ್ತು. ಅಲ್ಲೀವರೆಗೆ ನಾನು ಕಾಲ ಮೇಲೆ ನಿಂತಿರ್ಬೇಕಲ್ಲ."

ಫೋನಿನಲ್ಲಿ ಸೆಫೊ ಇನ್ನೂ ಇದ್ದ. "ಹಂದಿ ಬೆಂದಿದೆ, ಬಾ. ಮೆಕಾಲಿ ಕೈ ಕುಲುಕಿದ್ರೆ ತೊಳ್ಕೊಂಡ್ ಬಾ."

ಮೆಕಾಲಿ ಚಾಚಿದ ಕೈಯನ್ನು ಟ್ರೆವಾನ್ ನೋಡಿದ. ಮೇಜಿನ ಅಂಚು ಹಿಡಿದು, ಮಂಡಿಯನ್ನು ನಿಧಾನವಾಗಿ ನೆಟ್ಟಗೆ ಮಾಡಿ, ಎದ್ದು ಹೊರಟ.