ಪಾರಿಸಣ್ಣನೂ ರಿಸರ್ವ್ ಇಲ್ಲದ ಗಾಡಿಯೂ

ನಿಂತ ಮೋಟರ್ ಸೈಕಲ್ ಕಂಡರೆ ಪಾರಿಸಣ್ಣನವರ ಕೈ ಸುಮ್ಮನಿರುವುದಿಲ್ಲ. ಅದು ಯಾರದೇ ಇರಲಿ, ಬ್ಯಾಂಕಿನ ಮುಂದೆ ಬಿಸಿಲಲ್ಲಿ ಒಣಗುತ್ತಿರಲಿ, ಬಸದಿಯ ಎದುರಿಗಿರಲಿ, ಹೂಮಾಲೆ ಸುತ್ತಿಸಿಕೊಂಡು ಮದುಮಗನಿಗಾಗಿ ಕಾದಿರಲಿ, ಇವರು ನೆಟ್ಟಗೆ ಹೋಗಿ ಹ್ಯಾಂಡಲ್ ಹಿಡಿದು ಎರಡು ಸಲ ಅತ್ತಿತ್ತ ಅಲುಗಿಸಿ, ಟ್ಯಾಂಕಿಗೆ ಕಿವಿಗೊಟ್ಟು, ಒಳಗಿನ ಪೆಟ್ರೋಲಿನ ತುಳುಕಾಟವನ್ನು ಕಣ್ಣು ಮುಚ್ಚಿ ಆಲಿಸಿ, “ಮುಗಳಖೋಡ ಮುಟ್ಟತೈತಿ” ಎಂದೋ “ಕೆನಾಲ್ ದಾಟೂದಿಲ್ಲ” ಎಂದೋ ತೀರ್ಪು ಕೊಟ್ಟು ಮುಂದೆ ನಡೆಯುತ್ತಾರೆ. ಗಾಡಿಯ ಮಾಲಕ ಅಲ್ಲಿಯೇ ಬಾಯಿ ತೆರೆದು ನಿಂತಿದ್ದರೂ ಅವನನ್ನು ಒಂದು ಮಾತು ಕೇಳುವುದಿಲ್ಲ. ತೀರ್ಪು ತಪ್ಪಿದ್ದನ್ನು ನಾನಂತೂ ಕಂಡಿಲ್ಲ.

ಕಬ್ಬೂರಿನ ಹೈಸ್ಕೂಲಿಗೆ ನಾನು ಕನ್ನಡ ಮಾಸ್ತರನಾಗಿ ಬಂದು ಹದಿನೆಂಟು ವರ್ಷವಾಯಿತು. ಅಷ್ಟೂ ವರ್ಷ ಅವರ ನೆರೆಮನೆಯವನು. ಅರವತ್ತು ದಾಟಿದ ಕೃಶಕಾಯ, ಆರೆಕರೆ ಕಬ್ಬಿನ ಒಡೆಯ, ನಡೆಯುವಾಗ ಮೈ ಕೊಂಚ ಎಡಕ್ಕೆ ವಾಲುತ್ತದೆ. ಊರಿನವರ ಗಾಡಿಗಳನ್ನೆಲ್ಲ ಎಡಕ್ಕೆ ಮಲಗಿಸಿ ಮಲಗಿಸಿ ತಾವೂ ಹಾಗೆಯೇ ಆಗಿದ್ದಾರೆಂದು ಗ್ಯಾರೇಜಿನ ಮಾಳೇಶ ಚೇಷ್ಟೆ ಮಾಡುತ್ತಾನೆ. ಚೈತ್ರದ ಉರಿಬಿಸಿಲಿನಲ್ಲೂ ಮೈಬಿಡದ ಬೂದುಬಣ್ಣದ ಕೋಟೊಂದಿದೆ. ಅದರ ಕಿಸೆಯಲ್ಲಿ ಒಂದು ಮೊಳ ರಬ್ಬರ್ ನಳಿಗೆ, ಮಡಿಚಿಟ್ಟ ಬಿಳಿಯ ಅರಿವೆ. ಮನೆಯಲ್ಲಿ ನೀರನ್ನು ಸೋಸದೆ ಕುಡಿಯದ ಜೈನರ ಪೈಕಿ ಇವರೊಬ್ಬರು ಪೆಟ್ರೋಲನ್ನೂ ಸೋಸದೆ ಹಾಕಗೊಡುವುದಿಲ್ಲ. ಮಾತು ಶುರುವಾಗುವುದು “ಹಂಗ ನೋಡಿದ್ರ” ಎಂದು. ಹಾಗೆ ನೋಡಿದರೆ ಏನು ಕಾಣುತ್ತದೆಂದು ಹೇಳುವಷ್ಟರಲ್ಲಿ ಮಾತು ನಿಂತುಹೋಗಿರುತ್ತದೆ, ಕೇಳುವವನು ಕಾದೇ ಕಾಯುತ್ತಾನೆ.

ನಮ್ಮ ಪರಿಚಯವಾದದ್ದು ಕೆನಾಲಿನ ದಂಡೆಯ ಮೇಲೆ. ಊರಿಗೆ ಬಂದ ಮೊದಲ ವಾರ, ನನ್ನ ಗಾಡಿಯ ಪೆಟ್ರೋಲು ತೀರಿ, ರಿಸರ್ವೂ ತೀರಿ, ಕಿಕ್ ಹೊಡೆದೂ ಹೊಡೆದೂ ನನ್ನ ಮೊಣಕಾಲೂ ತೀರಿತ್ತು. ಎಲ್ಲಿಂದಲೋ ಬಂದ ಈ ಕೋಟಿನ ಮನುಷ್ಯ ನನ್ನ ಹೆಸರನ್ನೂ ಕೇಳದೆ, ಗಾಡಿಯನ್ನು ಎಳೆಗೂಸನ್ನು ತೊಟ್ಟಿಲಿಗೆ ಹಾಕುವಷ್ಟು ಮೆತ್ತಗೆ ಎಡಮಗ್ಗುಲಿಗೆ ಮಲಗಿಸಿ, ಬಾಯೊಳಗೇ ಇಪ್ಪತ್ತು ಎಣಿಸಿ, ಎತ್ತಿ ನಿಲ್ಲಿಸಿ, ಚೋಕ್ ಎಳೆದು ಒಂದೇ ಒಂದು ಕಿಕ್ ಹೊಡೆದರು. ಗಾಡಿ ಹತ್ತಿತು. ಟ್ಯಾಂಕಿನ ಬಲಗಡೆಯ ಮೂಲೆಯಲ್ಲಿ ಉಳಿದ ಗುಟುಕು ಎಡಗಡೆಯ ನಳಕ್ಕೆ ಇಳಿಯುತ್ತದೆ ಎಂಬ ಆ ಸರಳ ಸತ್ಯವನ್ನು ಬಿ.ಎಡ್. ಮಾಡಿದ ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಆಮೇಲೊಮ್ಮೆ ಬಾಬಾಸಾಹೇಬ ಎಂಬ ಮದುಮಗ ಇವರ ತೀರ್ಪನ್ನು ಕೇಳಿ ನಕ್ಕು ಗಾಡಿ ಏರಿದ್ದ. ಚಪ್ಪರ ಕಣ್ಣಿಗೆ ಬೀಳುವಷ್ಟರಲ್ಲಿ ಅದು ನಿಂತಿತು. ಬ್ಯಾಂಡಿನವರು ಬಾರಿಸುತ್ತಲೇ ಇದ್ದರು, ಹೂಮಾಲೆಯ ಸಮೇತ ಗಾಡಿ ನಡುರಸ್ತೆಯಲ್ಲಿ ಮಲಗಿತು, ಬಾಬಾಸಾಹೇಬ ಬಾಸಿಂಗ ಹಿಡಿದುಕೊಂಡು ಇಪ್ಪತ್ತು ಎಣಿಸುವ ತನಕ ತೆಪ್ಪಗೆ ನಿಂತ.

ಇಷ್ಟು ಬಲ್ಲ ಮನುಷ್ಯ ತನ್ನ ಗಾಡಿಗೆ ಮಾತ್ರ ಎಂದೂ ಹೊಟ್ಟೆತುಂಬ ಹಾಕಿದವರಲ್ಲ. ವಾರಕ್ಕೊಮ್ಮೆಯಾದರೂ ಓಡುತ್ತಿರುವಾಗಲೇ ಎಂಜಿನ್ನು ಕೆಮ್ಮುತ್ತದೆ. ಪಾರಿಸಣ್ಣ ರಸ್ತೆಯಿಂದ ಕಣ್ಣು ತೆಗೆಯದೆ, ವೇಗ ಇಳಿಸದೆ, ಎಡಗೈಯನ್ನು ತೊಡೆಯ ಕೆಳಗಿಂದ ಇಳಿಬಿಟ್ಟು, ಟ್ಯಾಂಕಿನ ತಳದ ಉಳಿಕೆ ಪೆಟ್ರೋಲು ಬಿಡುವ ರಿಸರ್ವಿನ ಗುಂಡಿ ತಿರುವುತ್ತಾರೆ. ಆ ಕ್ಷಣ ಅವರ ಮುಖದಲ್ಲೊಂದು ಪ್ರಸನ್ನತೆ ಮೂಡುತ್ತದೆ. ಜಿಪುಣತನವೇ ಎಂದರೆ, ದಾರಿಯಲ್ಲಿ ಸಿಕ್ಕವರಿಗೆ ತಮ್ಮ ಟ್ಯಾಂಕಿನಿಂದಲೇ ಬಗ್ಗಿಸಿ ಕೊಡುತ್ತಾರೆ. ಮರೆವೇ ಎಂದರೆ, ಯಾರ ಗಾಡಿಯಲ್ಲಿ ಎಷ್ಟಿದೆ ಎಂಬುದು ಅವರಿಗೆ ಬಾಯಿಪಾಠ. ಯಾಕ್ರಿ ಹಿಂಗ ಎಂದು ಒಮ್ಮೆ ಕೇಳಿಯೇಬಿಟ್ಟೆ. “ಹಂಗ ನೋಡಿದ್ರ ಮಾಸ್ತರ...” ಎಂದು ಆಕಾಶ ನೋಡಿದರು. ನಾನು ಇನ್ನೂ ಕಾಯುತ್ತಿದ್ದೇನೆ.

ಕಳೆದ ಭಾದ್ರಪದದ ಒಂದು ಸಂಜೆಯ ಮಾತನ್ನು ಹೇಳದಿದ್ದರೆ ಈ ಚಿತ್ರ ಪೂರ್ತಿಯಾಗದು. ಪಾರಿಸಣ್ಣನ ಅಕ್ಕ ಲಕ್ಷ್ಮಿಬಾಯಿ, ಎಳವೆಯಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದು ಆ ಮನೆಯನ್ನೇ ಎತ್ತಿ ಹಿಡಿದವರು. ಐವತ್ತು ವರ್ಷಗಳಿಂದ ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟಿದವರಲ್ಲ, ನೀರೂ ಇಲ್ಲ. ಚಾತುರ್ಮಾಸದಲ್ಲಿ ಹೊರಗಿನ ತಿನಿಸೂ ವರ್ಜ್ಯ. ಆದರೆ ಎರಡು ವರ್ಷದಿಂದ ಸಕ್ಕರೆ ಕಾಯಿಲೆ ಹಿಡಿದಿದೆ, ಕಣ್ಣು ಮಂಜಾಗಿದೆ. ಹಿಂದಿನ ತಿಂಗಳು ಖಾಲಿ ಹೊಟ್ಟೆಯಲ್ಲಿ ತಲೆ ತಿರುಗಿ ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದರು. ಭಾದ್ರಪದದ ಆ ದಿನ ಪಾರಿಸಣ್ಣ ಕರೆದೊಯ್ದು ತೋರಿಸಿದಾಗ ಚಿಕ್ಕೋಡಿಯ ಡಾಕ್ಟರು, “ಇವತ್ತು ಸಂಜೀಕ ಉಣ್ಣಾಕ ಬೇಕ್ರಿ, ಉಂಡ ಮ್ಯಾಲ ಗುಳಿಗಿ. ತಪ್ಪಿಸಿದ್ರ ಮತ್ತ ಬೀಳ್ತಾರ” ಎಂದು ಎರಡೆರಡು ಸಲ ಹೇಳಿ ಕಳಿಸಿದ್ದರು. ಡಬ್ಬಿಯಲ್ಲಿ ಒಯ್ದಿದ್ದ ಒಂದು ರೊಟ್ಟಿ ಮಧ್ಯಾಹ್ನವೇ ಮುಗಿದಿತ್ತು. ರಿಪೋರ್ಟಿಗೆ ಕಾದು ಕಾದು ಹೊರಟಾಗ ಐದೂವರೆ.

ಪಾರಿಸಣ್ಣನ ಗಾಡಿ ಮಾಳೇಶನ ಗ್ಯಾರೇಜಿನಲ್ಲಿದ್ದುದರಿಂದ, ಅಂದು ಅವರು ತಂದದ್ದು ಮಗ ಸುಜಯನ ಹೊಸ ಗಾಡಿ. ಚಿಕ್ಕೋಡಿಗೆ ನನ್ನ ಕೆಲಸಕ್ಕೆ ಹೋಗಿದ್ದ ನಾನು ನನ್ನ ಹಳೆಯ ಗಾಡಿಯ ಮೇಲೆ ಅವರ ಹಿಂದೆಯೇ ಇದ್ದೆ. ಊರು ಇನ್ನೂ ಆರು ಕಿಲೋಮೀಟರಿದೆ ಎನ್ನುವಾಗ ಮುಂದಿನ ಗಾಡಿ ಕೆಮ್ಮಿತು. ಪಾರಿಸಣ್ಣನ ಎಡಗೈ ತೊಡೆಯ ಕೆಳಗೆ ಇಳಿಯಿತು. ಅಲ್ಲಿ ಗುಂಡಿ ಇರಲಿಲ್ಲ. ಕೈ ಹಿಂದೆ ಸರಿಯಿತು, ಮುಂದೆ ಸರಿಯಿತು, ಟ್ಯಾಂಕಿನ ಅಡಿಯನ್ನೆಲ್ಲ ತಡವರಿಸಿತು. ಗಾಡಿ ನಿಂತ ಮೇಲೂ ಕೈ ಹುಡುಕುತ್ತಲೇ ಇತ್ತು. ಹೊಸ ಗಾಡಿಗಳಿಗೆ ರಿಸರ್ವ್ ಗುಂಡಿಯೇ ಇರುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ.

“ಗಡಬಡ ಬ್ಯಾಡ” ಎಂದು ತಮಗೆ ತಾವೇ ಹೇಳಿಕೊಂಡು, ಕೀಲಿಯನ್ನು ಹಾಗೆಯೇ ಬಿಟ್ಟು, ಗಾಡಿಯನ್ನು ಎಡಕ್ಕೆ ಮಲಗಿಸಿ, ಇಪ್ಪತ್ತು ಎಣಿಸಿ, ಎತ್ತಿ ಸ್ಟಾರ್ಟಿನ ಗುಂಡಿ ಒತ್ತಿದರು. ಗುರ್ ಗುರ್ ಎಂದಿತು, ಹತ್ತಲಿಲ್ಲ. ಮತ್ತೆ ಮಲಗಿಸಿದರು. ನಾನು ನನ್ನ ಗಾಡಿಯಿಂದ ಪೆಟ್ರೋಲು ಕೊಡುತ್ತೇನೆಂದೆ. ನಳಿಗೆ ಇತ್ತು, ಹಿಡಿಯಲು ಬಾಟ್ಲಿ ಇರಲಿಲ್ಲ. ಕಬ್ಬಿನ ಬದುವಿನ ಮೇಲೆ ಕೂತಿದ್ದ ಅಕ್ಕನವರು, ಕಾಸಿ ಆರಿಸಿ ತಂದಿದ್ದ ತಮ್ಮ ನೀರಿನ ಬಾಟ್ಲಿಯಿಂದ ಎರಡು ಗುಟುಕು ಕುಡಿದು, ಉಳಿದದ್ದನ್ನು ಕಬ್ಬಿನ ಬುಡಕ್ಕೆ ಹೊಯ್ದು, ಬಾಟ್ಲಿ ಚಾಚಿದರು.

“ಅಕ್ಕಾ, ನೀರು...” ಎಂದರು ಪಾರಿಸಣ್ಣ.

“ಇನ್ನೊಂದ ತಾಸಿಗೆ ಹೆಂಗೂ ನಾ ಕುಡಿಯಾಂಗಿಲ್ಲ. ಹಿಡಿ.”

ಬಿಳಿಯ ಅರಿವೆಯಲ್ಲಿ ಸೋಸಿ ಪೆಟ್ರೋಲು ಹಾಕಿದ್ದಾಯಿತು. ಗುಂಡಿ ಒತ್ತಿದ್ದಾಯಿತು. ಗಾಡಿ ಗುರುಗುಟ್ಟಿತೇ ಹೊರತು ಹತ್ತಲಿಲ್ಲ. ಪೆಟ್ರೋಲಿದ್ದೂ ಹತ್ತದ ಗಾಡಿಯನ್ನು ಪಾರಿಸಣ್ಣ ಜೀವಮಾನದಲ್ಲಿ ಕಂಡಿರಲಿಲ್ಲ. ಅಲುಗಿಸಿ ಕಿವಿಗೊಟ್ಟರು, ತುಳುಕುತ್ತಿತ್ತು. ಮೂರನೆಯ ಸಲ ಮಲಗಿಸಿದರು. ಪಡುವಣದ ಮೋಡಗಳ ಹಿಂದೆ ಸೂರ್ಯ ಎಲ್ಲಿದ್ದಾನೆಂಬುದೇ ತಿಳಿಯುತ್ತಿರಲಿಲ್ಲ.

“ಅಕ್ಕಾರ, ನನ್ನ ಗಾಡಿ ಹತ್ರಿ, ಹತ್ತ ನಿಮಿಷದಾಗ ಮುಟ್ಟಸ್ತೀನಿ” ಎಂದೆ.

“ಅವನ ಜೋಡಿ ಬಂದೀನ್ರಿ, ಅವನ ಜೋಡಿನ ಹೋಗ್ತೀನಿ.”

ನನ್ನ ಗಾಡಿಯನ್ನು ನೀವೇ ಒಯ್ಯಿರೆಂದರೆ ಪಾರಿಸಣ್ಣ ಕಿವಿಗೆ ಹಾಕಿಕೊಳ್ಳದೆ ಮತ್ತೆ ಗುಂಡಿ ಒತ್ತತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ಸಿಟ್ಟಾಗಬೇಕೆಂಬುದೇ ತಿಳಿಯಲಿಲ್ಲ. ಕಾಯಿಲೆ ಹೊತ್ತು ಹಟ ಮಾಡುವ ಅಕ್ಕನ ಮೇಲೋ, ಬೆವರಿನಲ್ಲಿ ತೊಯ್ದ ಕೋಟಿನ ಈ ತಮ್ಮನ ಮೇಲೋ, ತುಟಿ ಬಿಚ್ಚದ ಆ ಗಾಡಿಯ ಮೇಲೋ. ಅಷ್ಟರಲ್ಲಿ ಅಕ್ಕನವರು ಎದ್ದು ಬಂದು, “ಸಾಕ ಬಿಡೋ, ನಡಕೋಂತ ಹೋಗೂಣು” ಎಂದು ಕೀಲಿಯನ್ನು ಕಿತ್ತು ಸೆರಗಿಗೆ ಕಟ್ಟಿಕೊಂಡು ನಡೆಯತೊಡಗಿದರು. ಹತ್ತು ಹೆಜ್ಜೆಗೆ ಕಾಲು ತಡವರಿಸಿತು. ಪಾರಿಸಣ್ಣ ಓಡಿಹೋಗಿ ಹಿಡಿದುಕೊಂಡು, ಸೆರಗಿನಿಂದ ಕೀಲಿ ಬಿಚ್ಚಿ ತಂದು ಹಾಕಿ ತಿರುವಿ, ದಿಕ್ಕುಗೆಟ್ಟವರ ಹಾಗೆ ಗುಂಡಿ ಒತ್ತಿದರು. ಗಾಡಿ ಹತ್ತಿತು. ಅಕ್ಕನವರನ್ನು ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟರು.

ಗಾಡಿ ಮಲಗಿತೆಂದರೆ ಬಿತ್ತೆಂದು ತಿಳಿದು ಎಂಜಿನ್ನನ್ನು ತಡೆಹಿಡಿಯುವ ಯಂತ್ರವೊಂದು ಅದರೊಳಗಿದೆ, ಕೀಲಿ ತೆಗೆದು ಹಾಕುವ ತನಕ ಬಿಡುವುದಿಲ್ಲ ಎಂದು ಮಾಳೇಶ ಆಮೇಲೆ ಬಿಡಿಸಿ ಹೇಳಿದ. ನಲವತ್ತು ವರ್ಷ ಊರಿನ ಗಾಡಿಗಳನ್ನು ಎಬ್ಬಿಸಿದ ಉಪಾಯವೇ ಅಂದು ಅವರ ಕೈ ಕಟ್ಟಿಹಾಕಿತ್ತು.

ಅಂದು ಸಂಜೆ ನಾವು ಮನೆ ಮುಟ್ಟಿದಾಗ ಅಂಗಳದಲ್ಲಿ ಬೆಳಕಿತ್ತು, ಆದರೆ ನನ್ನ ಗಡಿಯಾರದಲ್ಲಿ ಪಂಚಾಂಗದ ಸೂರ್ಯಾಸ್ತ ಕಳೆದು ನಾಲ್ಕು ನಿಮಿಷವಾಗಿತ್ತು. ಪಡಸಾಲೆಯಲ್ಲಿ ತಾಟು ಬಡಿಸಿ ಇಟ್ಟಿದ್ದರು. ಅಕ್ಕನವರು ಮೆಟ್ಟಿಲ ಮೇಲೆ ನಿಂತು, ಮಂಜುಗಣ್ಣನ್ನು ಪಡುವಣಕ್ಕೆ ತಿರುವಿ ಕೇಳಿದರು, “ಹೊತ್ತ ಐತೇನೋ ಪಾರಿಸಾ?”

“ಐತ್ರಿ ಅಕ್ಕಾರ, ಲಗೂ ಕುಂಡ್ರಿ” ಎಂದವನು ನಾನು. ಅವರು ನನ್ನತ್ತ ತಿರುಗಲಿಲ್ಲ. ತಮ್ಮನ ಮಾತಿಗೆ ಕಾದು ನಿಂತರು. ನಾನು ಪಾರಿಸಣ್ಣನಿಗೆ ಕಣ್ಣು ಮಾಡಿದೆ, ಕೈ ಮಾಡಿದೆ. ಡಾಕ್ಟರರ ಚೀಟಿ ಅವರ ಕಿಸೆಯಲ್ಲೇ ಇತ್ತು.

“ಇಲ್ಲಕ್ಕಾ. ಮುಳುಗೇತಿ.”

ಅಕ್ಕನವರು ಕೈಮುಗಿದು ಒಳಗೆ ಹೋದರು. ತಾಟನ್ನು ಎತ್ತಿಟ್ಟರು. ಪಾರಿಸಣ್ಣ ಡಾಕ್ಟರರಿಗೆ ಫೋನು ಹಚ್ಚಿ, ಅಕ್ಕ ಉಂಡಿಲ್ಲ, ಇನ್ನು ಏನು ಮಾಡಲಿ ಎಂದು ಒಡೆದ ದನಿಯಲ್ಲಿ ಕೇಳುತ್ತಿದ್ದರು. ಒಂದು ಸುಳ್ಳಿನಿಂದ ಯಾರ ಗಂಟು ಹೋಗುತ್ತಿತ್ತೆಂದು ಕುದಿಯುತ್ತ ನಾನು ಹೇಳದೆ ಕೇಳದೆ ಮನೆಗೆ ಬಂದೆ.

ಬೆಳಿಗ್ಗೆ ಬೇಗನೆ ಹೋಗಿ ನೋಡಿದರೆ ಅಕ್ಕನವರು ಸೊರಗಿದ ಮುಖದಲ್ಲಿ ರೊಟ್ಟಿ ಮುರಿಯುತ್ತಿದ್ದರು. ಕೂತಲ್ಲೇ ರಾತ್ರಿ ಕಳೆದ ಪಾರಿಸಣ್ಣ ಕಂಬಕ್ಕೊರಗಿ ನಿದ್ದೆ ಹೋಗಿದ್ದರು. “ನನ್ನ ಕಣ್ಣ ಹೋಗಿ ಎರಡ ವರ್ಷ ಆತ್ರಿ ಮಾಸ್ತರ” ಎಂದರು ಅಕ್ಕನವರು ಮೆಲ್ಲಗೆ, “ಹೊತ್ತ ಮುಳುಗೂದು ನಾ ಅವನ ಬಾಯಿಂದ ನೋಡತೀನಿ.”

ಇಂಥ ಮನುಷ್ಯರು ಎಂಜಿನ್ನಿನೊಡನೆ ಎಷ್ಟು ಆಟವನ್ನಾದರೂ ಆಡುತ್ತಾರೆ. ಕಬ್ಬಿಣವನ್ನು ಮಲಗಿಸಿ, ಎಬ್ಬಿಸಿ, ಪುಸಲಾಯಿಸಿ ಇಲ್ಲದ ದಾರಿಯನ್ನು ಸಾಗಿಸುತ್ತಾರೆ. ತಮ್ಮ ಮಾತಿನ ಮೇಲೆ ಬದುಕಿರುವವರ ಮುಂದೆ ಮಾತ್ರ ಯಾವ ಉಪಾಯವೂ ಅವರಿಗೆ ಹೊಳೆಯುವುದಿಲ್ಲ. ಅಂಥವರ ಮನೆಯಲ್ಲಿ ಒಂದೊಂದು ದಿನ ಹಸಿದು ಮಲಗಬೇಕಾಗುತ್ತದೆ, ಅದು ಸರಿಯೋ ತಪ್ಪೋ ನನಗೆ ಇಂದಿಗೂ ಬಗೆಹರಿದಿಲ್ಲ. ಅಕ್ಕನವರ ಜೀವದ ಮೇಲಿನ ಕಕ್ಕುಲಾತಿಯಿಂದಲೇ ನಾನು ಸುಳ್ಳು ಹೇಳಿದ್ದು. ಆದರೂ ಅಂದಿನಿಂದ ಅವರು ನನ್ನನ್ನು ಒಮ್ಮೆಯೂ ಹೊತ್ತೆಷ್ಟಾಯಿತೆಂದು ಕೇಳಿಲ್ಲ.