ಚರಂಡಿಗೆ ಸುರಿದ ಔಷಧಿ

ಒಂದು ಇಂಜೆಕ್ಷನ್ ಸೀಸೆಯ ಮೇಲೆ ಅಚ್ಚಾಗಿದ್ದ ಬೆಲೆ ಎರಡು ಸಾವಿರದ ನಾನೂರು. ನಿನ್ನೆಯವರೆಗೆ ಅದಕ್ಕೆ ಅಷ್ಟೂ ಬೆಲೆ. ಇವತ್ತು ತಾರೀಕು ಮುಗಿದಿದೆ; ಖಾಲಿ ಸೀಸೆಗೆ ಗುಜರಿಯವನು ಕೇಜಿಗೆ ಎರಡು ರೂಪಾಯಿ ಕೊಡುತ್ತಾನೆ.

"ಲೇ ಮುನಿಗಂಗಿ, ಕೈ ಆಡ್ಸೇ. ನಾಳೆ ಇನ್‌ಸ್ಪೆಕ್ಷನ್ನು, ಒಂದು ಸೀಸೆನೂ ಕಾಣ್ಬಾರ್ದು," ಎಂದ ಮೋಹನ್‌ಬಾಬು, ಚಿಂತಾಮಣಿಯ ಆ ನರ್ಸಿಂಗ್ ಹೋಮಿನ ಯಜಮಾನ. ಆಸ್ಪತ್ರೆಯ ಕಸ ಒಯ್ಯುವ ಲಾರಿಯವರು ತೂಕ ಹಾಕಿ ದುಡ್ಡು ಕೇಳುತ್ತಾರೆಂದು, ಹಳೇ ಔಷಧಿಯನ್ನೆಲ್ಲ ಹಿತ್ತಲ ಚರಂಡಿಗೆ ಸುರಿಸುವುದು ಅವನ ಪದ್ಧತಿ. ಚರಂಡಿ ನೇರ ಕೆರೆಗೆ.

ಆಯಾ ಮುನಿಗಂಗಮ್ಮ ಆರು ವರ್ಷದಿಂದ ಸುರಿಯುತ್ತ ಬಂದಿದ್ದಳು, ಬೇಕಾಬಿಟ್ಟಿಯಾಗಿ ಅಲ್ಲ. ಮಾತ್ರೆಗಳನ್ನು ಕುಟ್ಟಿ, ಬಕೆಟ್ಟಿನಲ್ಲಿ ಗಂಟಿಲ್ಲದಂತೆ ಕದಡಿ ಸುರಿಯುತ್ತಿದ್ದಳು. ಔಷಧಿ ಸೇರಿದರೆ ಕೆರೆಯ ನೀರು ಶುದ್ಧವಾಗುತ್ತದೆಂದು ಅವಳ ನಂಬಿಕೆ. ಗಂಡ ನಲ್ಲಪ್ಪ ಅದೇ ಕೆರೆಯಂಗಳದಲ್ಲಿ ದಂಟಿನಸೊಪ್ಪು ಬೆಳೆಯುತ್ತಿದ್ದ. ಸಾಹುಕಾರರ ಔಷಧಿ ನಿನ್ನ ಸೊಪ್ಪಿಗೆ ಬಿಟ್ಟಿ ಎಂದು ಅವನೊಂದಿಗೆ ನಗೆಯಾಡಿದ್ದಳು.

ಹೋದ ತಿಂಗಳು ನಲ್ಲಪ್ಪನ ಕಾಲಿಗೆ ಕುಡುಗೋಲು ತಗುಲಿದ್ದು ಅಲ್ಲೇ, ಕೆಸರಲ್ಲಿ ನಿಂತಿದ್ದಾಗ. ಎಂಟು ದಿನದಲ್ಲಿ ಮೊಣಕಾಲವರೆಗೆ ಬಾತು ಕೀವು ಸೋರಿತು. ಮುನಿಗಂಗಮ್ಮ ಈ ನರ್ಸಿಂಗ್ ಹೋಮಿಗೇ ಕರೆತಂದಳು. ಮೋಹನ್‌ಬಾಬು ಹಿಂಬಾಗಿಲಲ್ಲೇ ತಡೆದ.

"ಈ ಎಮ್ಮೆ ನನ್ಮಗನ್ನ ಬೆಡ್ ಮೇಲೆ ಮಲಗಿಸ್ಬೇಕಾ? ಮೈ ತೊಳ್ಕಳಾದು ಯಾವತ್ತೇ ಕಲಿಯಾದು ನೀವು ಜನ?"

ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಗೆ ಒಯ್ದರು. ಮೂರು ಬಗೆಯ ಇಂಜೆಕ್ಷನ್ ಕೊಟ್ಟರೂ ಕೀವು ನಿಲ್ಲಲಿಲ್ಲ. ಅಲ್ಲಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಮಗಳು ಸಂಘಮಿತ್ರ ನಿನ್ನೆ ರಿಪೋರ್ಟು ತಂದು ಓದಿದಳು. ಹದಿನಾಲ್ಕು ಔಷಧಿಯ ಹೆಸರಿತ್ತು. ಯಾವುದಕ್ಕೂ ಅಪ್ಪನ ಗಾಯದ ಕ್ರಿಮಿ ಸಾಯುವುದಿಲ್ಲ. ಕಾಲು ತೆಗೆಯಬೇಕು. ಎಷ್ಟೋ ಹೆಸರು ಮುನಿಗಂಗಮ್ಮನಿಗೆ ಗೊತ್ತಿದ್ದವು.

"ಇವೆಲ್ಲ ನಾನು ಸುರ್ದಿರೋವೇ ಕಣಮ್ಮ."

ಸಂಘಮಿತ್ರ ಕಾಗದ ಮಡಚಿದಳು. "ನೀರಲ್ಲಿ ಒಂಚೂರು ಒಂಚೂರು ಔಷಧಿ ಇದ್ರೆ ಕ್ರಿಮಿ ಎಲ್ಲಾ ಸಾಯಲ್ಲಮ್ಮ. ಉಳ್ಕೊಂಡಿದ್ದು ಆಮೇಲೆ ಯಾವ್ದಕ್ಕೂ ಬಗ್ಗಲ್ಲ." ತಾಯಿಯ ಮುಖ ನೋಡದೆ ಹೇಳಿದಳು.

ಇವತ್ತು ಸುರಿಯಲು ಮತ್ತೆ ಎರಡು ಡಬ್ಬ.

ಮುನಿಗಂಗಮ್ಮ ಬಕೆಟ್ಟನ್ನು ಬೋರಲು ಹಾಕಿದಳು. ಡಬ್ಬಗಳನ್ನೆತ್ತಿಕೊಂಡು ರೋಗಿಗಳು ಕಾಯುವ ಮುಂದಿನ ಹಾಲ್‌ಗೆ ನಡೆದಳು. ಪೊರಕೆಯಿಲ್ಲದೆ ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು. ರೋಗಿಗಳ ನಡುವೆ ಕುಳಿತು ಸೀಸೆಗಳನ್ನು ನೆಲದ ಮೇಲೆ ಸಾಲಾಗಿಟ್ಟಳು.

"ಏನೇ ಇದು, ರಂಡೆ? ಎತ್ತೇ," ಮೋಹನ್‌ಬಾಬು ಓಡಿಬಂದ.

"ಎತ್ತಲ್ಲ ಸಾರ್. ಚರಂಡಿಗೂ ಸುರಿಯಲ್ಲ. ಸುರೀಲೇಬೇಕಂದ್ರೆ ನಿಮ್ಮನೆ ಸಂಪಿನ ಮುಚ್ಚಳ ತೆಗೀರಿ, ಅಲ್ಲಿಗೆ ಸುರೀತೀನಿ."

ಮುರುಗಮಲ್ಲದಿಂದ ಬಂದಿದ್ದ ಮುದುಕನೊಬ್ಬ ಸೀಸೆ ಎತ್ತಿ ಬೆಲೆ ಓದಿ, ಇದು ಎಲ್ಲಿಗೆ ಹೋಗುತ್ತದೆಂದು ಕೇಳಿದ. ಅವಳು ಹೇಳಿದಳು. ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದರು. ಮೋಹನ್‌ಬಾಬು ಅವಳ ರಟ್ಟೆ ಹಿಡಿದು ಹೊರಗೆ ದಬ್ಬಿದ.

ಫೋಟೋ ಆಗಿತ್ತಲ್ಲ, ಆ ಡಬ್ಬಗಳು ತೂಕ ಹಾಕಿಸಿಕೊಂಡು ಕಸದ ಲಾರಿ ಹತ್ತಿದವು. ಬಕೆಟ್ಟು ಅದೇ ವಾರ ಮುನಿಗಂಗಮ್ಮನ ಜಾಗಕ್ಕೆ ಸೇರಿದ ಅಕ್ಕಯಮ್ಮನ ಕೈಗೆ ಬಂತು.

ನಲ್ಲಪ್ಪನ ಕಾಲು ಹೋಯಿತು. ಮುನಿಗಂಗಮ್ಮನ ಕೆಲಸ ಹೋಯಿತು. ಎರಡು ಡಬ್ಬ ಔಷಧಿ ಕೆರೆಗೆ ಹೋಗಲಿಲ್ಲ.